ಹಡಗು ಕಟ್ಟುವ ಕೈಗೆ ಬಿಡುವು ಕೊಡಬಾರದು

ಮುಂಬೈನ ನೌಕಾ ಡಾಕ್‌ಯಾರ್ಡ್‌ನಲ್ಲಿ 2025ರ ಜನವರಿ 15ರಂದು ಮೂರು ನೌಕೆಗಳ ಮೇಲೆ ಒಂದೇ ದಿನ ನೌಕಾಪಡೆಯ ಧ್ವಜ ಏರಿತು. ಒಂದು, ಏಳು ಸಾವಿರ ಟನ್ನಿಗೂ ಮಿಗಿಲಾದ ‘ಸೂರತ್’ ಎಂಬ ವಿಧ್ವಂಸಕ ನೌಕೆ. ಇನ್ನೊಂದು, ಶತ್ರುವಿನ ರಾಡಾರ್‌ಗೆ ಸುಲಭವಾಗಿ ಸಿಗಬಾರದೆಂದು ಮೈಯ ಗೋಡೆಗಳನ್ನು ಓರೆಯಾಗಿ, ನುಣುಪಾಗಿ ರೂಪಿಸಿದ ‘ನೀಲಗಿರಿ’ ಫ್ರಿಗೇಟ್. ಮೂರನೆಯದು, ಬೆನ್ನಷ್ಟೇ ಮೇಲೆ ತೋರಿಸಿ ಉಳಿದ ಒಡಲನ್ನೆಲ್ಲ ನೀರಿನಲ್ಲಿ ಅಡಗಿಸಿಕೊಂಡ ಕಪ್ಪು ಜಲಾಂತರ್ಗಾಮಿ ‘ವಾಗ್‌ಶೀರ್’. ಮೂರನ್ನೂ ಕಟ್ಟಿದ್ದು ಅದೇ ಊರಿನ ಮಜಗಾಂವ್ ಡಾಕ್. ಮರುದಿನದ ಪತ್ರಿಕೆಗಳಲ್ಲಿ ಮೂರೂ ಒಂದೇ ಸಾಧನೆಯ ಭಾಗವಾಗಿ ಅಕ್ಕಪಕ್ಕದಲ್ಲಿ ಕಾಣಿಸಿಕೊಂಡವು.

ಆದರೆ ಅವು ಅಲ್ಲಿಗೆ ಬಂದು ತಲುಪಿದ ದಾರಿ ಬೇರೆ ಬೇರೆ. ‘ಸೂರತ್’ನ ತಳದ ಬೆನ್ನೆಲುಬನ್ನು ಕೂರಿಸಿದ್ದು 2019ರ ನವೆಂಬರ್‌ನಲ್ಲಿ, ಐದು ವರ್ಷ ದಾಟುವಷ್ಟರಲ್ಲಿ ಅದು ಸಿದ್ಧವಾಯಿತು. ‘ವಾಗ್‌ಶೀರ್’ 2005ರಲ್ಲಿ ಫ್ರೆಂಚರೊಂದಿಗೆ ಸಹಿಯಾದ ಆರು ಜಲಾಂತರ್ಗಾಮಿಗಳ ಒಪ್ಪಂದದ ಕೊನೆಯದು. ಮೂಲ ವೇಳಾಪಟ್ಟಿಯಂತೆ ಆರರಲ್ಲಿ ಮೊದಲನೆಯದು 2012ರಲ್ಲೂ ಕೊನೆಯದು 2017ರ ಹೊತ್ತಿಗೂ ಕಡಲಿಗಿಳಿಯಬೇಕಿತ್ತು. ಶಿಪ್‌ಯಾರ್ಡ್ ಒಂದೇ, ಹಣ ಕೊಡುವ ಸರ್ಕಾರವೂ ಒಂದೇ. ಹಾಗಿದ್ದರೂ ಒಂದು ಕೆಲಸ ವರ್ಷದಿಂದ ವರ್ಷಕ್ಕೆ ಚುರುಕಾಗುತ್ತ ಹೋಗಿದ್ದು, ಇನ್ನೊಂದು ಎಂಟು ವರ್ಷ ಹಿಂದೆ ಬಿದ್ದಿದ್ದು ಏಕೆ? ಸಮುದ್ರದ ಮೇಲೆ ಓಡುವ ಯುದ್ಧನೌಕೆಗಳನ್ನು ಕಟ್ಟುವ ಕೆಲಸ ನಮ್ಮಲ್ಲಿ ಅರುವತ್ತರ ದಶಕದಿಂದ ಹೆಚ್ಚುಕಡಿಮೆ ನಿಂತೇ ಇಲ್ಲ. ಜಲಾಂತರ್ಗಾಮಿ ಕಟ್ಟುವ ಕೆಲಸವನ್ನು ನಡುವೆ ನಾವೇ ನಿಲ್ಲಿಸಿದೆವು. ತಡಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಅವೆಲ್ಲಕ್ಕಿಂತ ದೊಡ್ಡದು ಇದು ಎಂಬುದನ್ನು ದಾಖಲೆಗಳೇ ತೋರಿಸುತ್ತವೆ.

ಆಯ್ಕೆ ಎಂಬ ದೀರ್ಘ ಲೆಕ್ಕಾಚಾರ

ನೌಕೆಯನ್ನು ಆರಿಸುವುದು ಕಾಗದದ ಮೇಲೆ ಶುರುವಾಗುತ್ತದೆ. ಮುಂದಿನ ಮೂವತ್ತು ನಲವತ್ತು ವರ್ಷ ಯಾವ ಕಡಲಿನಲ್ಲಿ, ಯಾರ ಎದುರು, ಎಷ್ಟು ದಿನ ನಿಲ್ಲಬೇಕು ಎಂಬ ಅಂದಾಜನ್ನು ನೌಕಾಪಡೆ ಮೊದಲು ಬರೆದಿಡುತ್ತದೆ. ಅದರಿಂದ ವೇಗ, ಆಯುಧ, ಸೋನಾರ್, ಸಿಬ್ಬಂದಿ, ಇಂಧನ ಇವುಗಳ ಪಟ್ಟಿ ಹುಟ್ಟುತ್ತದೆ. ರಕ್ಷಣಾ ಸಚಿವರ ನೇತೃತ್ವದ ಖರೀದಿ ಮಂಡಳಿ ‘ಇದು ಬೇಕು’ ಎಂದು ಒಪ್ಪಿದ ಮೇಲೆ ಟೆಂಡರ್, ತಾಂತ್ರಿಕ ಪರಿಶೀಲನೆ, ಪರೀಕ್ಷೆ, ದರದ ಚೌಕಾಸಿ ನಡೆದು ಕಡೆಗೆ ಭದ್ರತೆಗೆ ಸಂಬಂಧಿಸಿದ ಸಂಪುಟ ಸಮಿತಿಯ ಮುಂದೆ ಕಡತ ಬರುತ್ತದೆ. ಈ ಮೆಟ್ಟಿಲುಗಳಲ್ಲಿ ಯಾವುದರಲ್ಲಾದರೂ ಕಡತ ಹಿಂದಕ್ಕೆ ಹೋಗಬಹುದು. ಹೋದಾಗ ಬೆಲೆ ಏರುತ್ತದೆ, ತಂತ್ರಜ್ಞಾನ ಹಳೆಯದಾಗುತ್ತದೆ, ಬೇಕುಗಳ ಪಟ್ಟಿಯನ್ನು ಮತ್ತೆ ತಿದ್ದಬೇಕಾಗುತ್ತದೆ, ತಿದ್ದಿದ ಪಟ್ಟಿಗೆ ಮತ್ತೆ ಒಪ್ಪಿಗೆ ಬೇಕಾಗುತ್ತದೆ.

ಪಟ್ಟಿಯಲ್ಲಿ ಬರೆದ ಒಂದೊಂದು ಸಾಲಿನ ಹಿಂದೆಯೂ ಜೀವದ ಪ್ರಶ್ನೆ ಇದೆ. 1971ರ ಡಿಸೆಂಬರ್ 9ರ ರಾತ್ರಿ ಅರಬ್ಬಿ ಸಮುದ್ರದಲ್ಲಿ ಪಾಕಿಸ್ತಾನದ ‘ಹಂಗೋರ್’ ಜಲಾಂತರ್ಗಾಮಿಯ ಟಾರ್ಪಿಡೊ ‘ಖುಕ್ರಿ’ ಫ್ರಿಗೇಟನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹಡಗಿನೊಂದಿಗೇ ಹೋದರು; ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ‘ಹಂಗೋರ್’ ಆಗಿನ ಹೊಸ ಫ್ರೆಂಚ್ ವಿನ್ಯಾಸದ್ದು. ಅದನ್ನು ಬೇಟೆಯಾಡಲು ಹೊರಟ ನಮ್ಮ ಹಡಗಿನ ಸೋನಾರ್ ಹಿಂದಿನ ಪೀಳಿಗೆಯದು. ನಮ್ಮ ಕಡಲಿನಲ್ಲಿ ಈ ತೊಡಕು ಇನ್ನಷ್ಟು ಹೆಚ್ಚು. ಬಿಸಿ ಮೇಲ್ನೀರು ಮತ್ತು ತಣ್ಣನೆಯ ಕೆಳನೀರಿನ ಪದರಗಳ ನಡುವೆ ಧ್ವನಿಯ ದಾರಿ ಬಾಗುವುದರಿಂದ, ಪದರದ ಕೆಳಗೆ ಸುಮ್ಮನೆ ನಿಂತ ಜಲಾಂತರ್ಗಾಮಿ ಮೇಲಿನ ಹಡಗಿನ ಕಿವಿಗೆ ಬೀಳದೆ ಉಳಿಯಬಹುದು. ಬೇರೆ ಕಡಲಿಗೆಂದು ಮಾಡಿದ ಉಪಕರಣ ಇಲ್ಲಿ ಹಾಗೆಯೇ ಒಗ್ಗುವುದಿಲ್ಲ. ನಮ್ಮ ನೀರನ್ನು ಬಲ್ಲವರು ವಿನ್ಯಾಸದ ಮೇಜಿನ ಮುಂದೆ ಕೂರಬೇಕು ಎಂಬ ಮಾತಿಗೆ ಇಲ್ಲಿಂದಲೇ ಬಲ ಬರುತ್ತದೆ.

ಉಕ್ಕಿನ ಒಡಲು ಹೇಗೆ ಕೂಡುತ್ತದೆ

ಈಗಿನ ಯುದ್ಧನೌಕೆಯನ್ನು ತಳದಿಂದ ತುದಿಯವರೆಗೆ ಒಂದೇ ಸಮನೆ ಏರಿಸುತ್ತ ಹೋಗುವುದಿಲ್ಲ. ಉಕ್ಕಿನ ತಟ್ಟೆಗಳನ್ನು ಕತ್ತರಿಸಿ, ಬಾಗಿಸಿ, ಬೆಸೆದು ನೂರಾರು ಟನ್ ತೂಗುವ ದೊಡ್ಡ ತುಂಡುಗಳನ್ನಾಗಿ ಬೇರೆ ಬೇರೆ ಶೆಡ್‌ಗಳಲ್ಲಿ ಮಾಡುತ್ತಾರೆ. ಪೈಪು, ಕೇಬಲ್, ಗಾಳಿಯ ಕೊಳವೆಗಳನ್ನು ಆದಷ್ಟು ಅಲ್ಲೇ ಕೂರಿಸಿ, ಆಮೇಲೆ ಕ್ರೇನಿನಿಂದ ಎತ್ತಿ ಜೋಡಿಸುತ್ತಾರೆ. ನೀರಿಗಿಳಿಸುವ ದಿನ ಸಮಾರಂಭ ಜೋರಾಗಿ ನಡೆದರೂ ಆಗ ಹಡಗಿನ ಬಹುಪಾಲು ಹೊಟ್ಟೆ ಖಾಲಿ. ಎಂಜಿನ್, ರಾಡಾರ್, ಕ್ಷಿಪಣಿ, ಸಾವಿರಾರು ಸಂಪರ್ಕಗಳನ್ನು ಒಂದಕ್ಕೊಂದು ಹೊಂದಿಸಿ, ಕಡಲಿಗೊಯ್ದು ಪರೀಕ್ಷಿಸುವ ಕೆಲಸಕ್ಕೆ ಮತ್ತೆ ವರ್ಷಗಳು ಹಿಡಿಯುತ್ತವೆ.

ಜಲಾಂತರ್ಗಾಮಿಯ ವಿಷಯ ಇನ್ನೂ ಬಿಗಿ. ಅದರ ಒಳ ಒಡಲು ನೀರಿನ ಒತ್ತಡವನ್ನು ತಡೆಯಬೇಕು. ಪ್ರತಿ ಹತ್ತು ಮೀಟರ್ ಆಳಕ್ಕೆ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುತ್ತ ಹೋಗುತ್ತದೆ. ಇನ್ನೂರು ಮೀಟರ್ ಆಳದಲ್ಲಿ ಒಡಲಿನ ಪ್ರತಿ ಚದರ ಮೀಟರಿನ ಮೇಲೆ ಸುಮಾರು ಇನ್ನೂರು ಟನ್ ಭಾರ. ಈ ಭಾರವನ್ನು ಒಡಲು ಸಮನಾಗಿ ಹಂಚಿಕೊಳ್ಳಬೇಕಾದರೆ ಉಕ್ಕಿನ ಉಂಗುರಗಳು ಕರಾರುವಾಕ್ಕಾಗಿ ದುಂಡಗಿರಬೇಕು. ಗಟ್ಟಿ ಉಕ್ಕನ್ನು ಬೆಸೆಯುವಾಗ ಮೊದಲೇ ಹದವಾಗಿ ಕಾಯಿಸಿ, ಪದರದ ಮೇಲೆ ಪದರ ಹಾಕಿ, ಆರುವಾಗಲೂ ಕಾದು, ಬಳಿಕ ಪ್ರತಿ ಬೆಸುಗೆಯನ್ನೂ ಎಕ್ಸ್-ರೇ, ಅಲ್ಟ್ರಾಸೌಂಡ್‌ಗಳಿಂದ ನೋಡುತ್ತಾರೆ. ಒಳಗೆ ಗಾಳಿಯ ಗುಳ್ಳೆಯೋ ಕೂದಲೆಳೆಯಂಥ ಬಿರುಕೋ ಕಂಡರೆ ಆ ಭಾಗವನ್ನು ಕೆತ್ತಿ ತೆಗೆದು ಮತ್ತೆ ಬೆಸೆಯಬೇಕು. ಇಂಥ ಬೆಸುಗೆಯನ್ನು ಕೈಪಿಡಿ ಓದಿ ಹಾಕಲಾಗದು. ನಾಲ್ಕಾರು ಒಡಲುಗಳ ಮೇಲೆ ಕೆಲಸ ಮಾಡಿದವರ ಪಕ್ಕದಲ್ಲಿ ನಿಂತು ಕಲಿಯಬೇಕು. ಕೆಲಸ ನಿಂತರೆ ಕಲಿಸುವವರು ನಿವೃತ್ತರಾಗುತ್ತಾರೆ ಅಥವಾ ಬೇರೆ ಕಡೆ ಹೊರಟುಹೋಗುತ್ತಾರೆ.

ನಿಲ್ಲದ ಸಾಲು

ಮೇಲ್ಮೈ ಹಡಗುಗಳ ಲೆಕ್ಕ ನೋಡೋಣ. ಸರ್ಕಾರ 1960ರಲ್ಲಿ ಮಜಗಾಂವ್ ಡಾಕನ್ನು ತನ್ನದಾಗಿಸಿಕೊಂಡಿತು. ಬ್ರಿಟಿಷರ ಲಿಯಾಂಡರ್ ವಿನ್ಯಾಸದ ಫ್ರಿಗೇಟುಗಳನ್ನು ಅಲ್ಲಿ ಕಟ್ಟಲು ನಿರ್ಧಾರವಾಯಿತು. ಮೊದಲ ‘ನೀಲಗಿರಿ’ 1972ರಲ್ಲಿ ಸೇವೆಗೆ ಸೇರಿತು, ಆರನೆಯದಾದ ‘ವಿಂಧ್ಯಗಿರಿ’ 1981ರಲ್ಲಿ. ಮುಂದಿನದು ‘ಗೋದಾವರಿ’. ನೌಕಾಪಡೆಯ ಸ್ವಂತ ವಿನ್ಯಾಸಕಾರರು ಲಿಯಾಂಡರ್‌ನ ಅದೇ ಎಂಜಿನ್ ಇಟ್ಟುಕೊಂಡು ಅದಕ್ಕಿಂತ ದೊಡ್ಡದಾದ ಒಡಲು ರೂಪಿಸಿ, ಎರಡು ಸೀಕಿಂಗ್ ಹೆಲಿಕಾಪ್ಟರ್‌ಗಳಿಗೆ ಜಾಗ ಮಾಡಿ, ಸೋವಿಯತ್ ಕ್ಷಿಪಣಿಗಳನ್ನು ಪಾಶ್ಚಾತ್ಯ ಉಪಕರಣಗಳೊಂದಿಗೆ ಹೊಂದಿಸಿದರು. 1983ರಲ್ಲಿ ಅದು ಕಡಲಿಗೆ ಬಂತು. ಬೇರೆಯವರ ನಕ್ಷೆಯನ್ನು ಆರು ಸಲ ಕಟ್ಟಿದ್ದರಿಂದಲೇ ಏಳನೆಯದನ್ನು ಸ್ವಂತವಾಗಿ ಬರೆಯುವ ಧೈರ್ಯ ಬಂದಿತ್ತು.

ಹೊಸ ಮಾದರಿಯ ಮೊದಲ ಹಡಗು ಯಾವ ದೇಶದಲ್ಲೂ ತಡವಾಗುತ್ತದೆ. ಹಾಗಾಗಿ ಮೊದಲ ಹಡಗುಗಳನ್ನೇ ಒಂದಕ್ಕೊಂದು ಹೋಲಿಸುವುದು ನ್ಯಾಯ. ಬೆನ್ನೆಲುಬು ಕೂರಿಸಿದ ದಿನದಿಂದ ಸೇವೆಗೆ ಸೇರುವವರೆಗೆ ‘ದೆಹಲಿ’ ವಿಧ್ವಂಸಕ ನೌಕೆಗೆ ಹತ್ತು ವರ್ಷ ಹಿಡಿಯಿತು (1987–1997). ‘ಕೋಲ್ಕತ್ತ’ಕ್ಕೆ ಹನ್ನೊಂದು (2003–2014), ‘ವಿಶಾಖಪಟ್ಟಣ’ಕ್ಕೆ ಎಂಟು (2013–2021), ಹೊಸ ‘ನೀಲಗಿರಿ’ಗೆ ಏಳು (2017–2025). ‘ವಿಶಾಖಪಟ್ಟಣ’ದ ಮಾದರಿಯಲ್ಲೇ ನಾಲ್ಕನೆಯದಾದ ‘ಸೂರತ್’ಗೆ ಐದು. ‘ದೆಹಲಿ’ ತಡವಾದದ್ದರಲ್ಲಿ ಸೋವಿಯತ್ ಒಕ್ಕೂಟ ಕುಸಿದು ಸಾಮಗ್ರಿ ಬಾರದೆ ಹೋದ ಪಾಲೂ ಇದೆ. ‘ಕೋಲ್ಕತ್ತ’ದ ವೆಚ್ಚ ಮೊದಲ ಅಂದಾಜಿನ ಹಲವು ಪಟ್ಟು ಏರಿತು. ಆದರೂ ಇಳಿಮುಖ ಸ್ಪಷ್ಟ. 2025ರ ಆಗಸ್ಟ್ 26ರಂದು ‘ನೀಲಗಿರಿ’ಯ ಸೋದರ ನೌಕೆಗಳಾದ ‘ಉದಯಗಿರಿ’ ಮತ್ತು ‘ಹಿಮಗಿರಿ’ ಒಂದೇ ದಿನ ಸೇರಿದವು. ಒಂದು ಮುಂಬೈನದು, ಇನ್ನೊಂದು ಕೋಲ್ಕತ್ತದ ಗಾರ್ಡನ್ ರೀಚ್ ಶಿಪ್‌ಯಾರ್ಡಿನದು. ನೌಕಾಪಡೆಯ ವಿನ್ಯಾಸ ವಿಭಾಗ ರೂಪಿಸಿದ ನೂರನೆಯ ನೌಕೆ ‘ಉದಯಗಿರಿ’.

ಕಡಿದುಹೋದ ಸಾಲು

ಜಲಾಂತರ್ಗಾಮಿಯಲ್ಲೂ ನಾವು ಹೀಗೆಯೇ ಆರಂಭಿಸಿದ್ದೆವು. 1981ರ ಡಿಸೆಂಬರ್‌ನಲ್ಲಿ ಪಶ್ಚಿಮ ಜರ್ಮನಿಯ ಎಚ್‌ಡಿಡಬ್ಲ್ಯು ಕಂಪನಿಯೊಂದಿಗೆ ಒಪ್ಪಂದವಾಯಿತು. ಎರಡು ಕೀಲ್ ನಗರದಲ್ಲಿ, ಎರಡು ಮುಂಬೈನಲ್ಲಿ ತಯಾರಾಗಬೇಕು. ‘ಶಿಶುಮಾರ್’, ‘ಶಂಕುಶ್’ 1986ರಲ್ಲಿ ಕೀಲ್‌ನಲ್ಲೇ ಸೇವೆಗೆ ಸೇರಿದವು. ನಮ್ಮ ಎಂಜಿನಿಯರುಗಳು, ಬೆಸುಗೆಗಾರರು ಅಲ್ಲಿಗೆ ಹೋಗಿ ಕಲಿತು ಬಂದರು. ‘ಶಲ್ಕಿ’ 1992ರಲ್ಲಿ, ‘ಶಂಕುಲ್’ 1994ರಲ್ಲಿ ಮಜಗಾಂವ್ ಡಾಕಿನಿಂದ ಹೊರಬಂದವು. ಭಾರತದಲ್ಲಿ ಕಟ್ಟಿದ ಮೊದಲ ಜಲಾಂತರ್ಗಾಮಿ ‘ಶಲ್ಕಿ’. ಐದು ಮತ್ತು ಆರನೆಯದನ್ನೂ ಇಲ್ಲೇ ಕಟ್ಟುವ ಆಲೋಚನೆ ಇತ್ತು. ಆದರೆ ಮುಂಬೈನ ಎರಡೂ ಹೊರಬರುವ ಮೊದಲೇ, 1987ರಲ್ಲಿ, ದಲ್ಲಾಳಿಗಳಿಗೆ ಲಂಚ ಸಂದಾಯವಾಗಿದೆ ಎಂಬ ಆರೋಪ ಎದ್ದು ಮುಂದಿನ ಆದೇಶ ಬರಲೇ ಇಲ್ಲ. ತನಿಖೆ ವರ್ಷಗಟ್ಟಲೆ ನಡೆದು ಸಾಕ್ಷ್ಯ ಸಾಲದೆಂದು ಮುಗಿಯಿತು. ಅಷ್ಟು ಹೊತ್ತಿಗೆ ಆ ಶೆಡ್‌ನಲ್ಲಿ ದುಡಿದವರು ಚದುರಿಹೋಗಿದ್ದರು.

ಮುಂದಿನ ಒಪ್ಪಂದ 2005ರಲ್ಲಿ, ಬೇರೆ ದೇಶದೊಂದಿಗೆ, ಬೇರೆ ವಿನ್ಯಾಸಕ್ಕೆ. ಕಲಿಕೆ ಮತ್ತೆ ಮೊದಲಿನಿಂದ. ಆರರಲ್ಲಿ ಮೊದಲನೆಯದಾದ ‘ಕಲ್ವರಿ’ ಸೇವೆಗೆ ಸೇರಿದ್ದು 2017ರ ಡಿಸೆಂಬರ್‌ನಲ್ಲಿ. ಆರಂಭದಲ್ಲಿ ಸುಮಾರು 18,800 ಕೋಟಿ ರೂಪಾಯಿ ಇದ್ದ ಯೋಜನೆಯ ವೆಚ್ಚ 23,500 ಕೋಟಿ ದಾಟಿತು. ಈ ಒಪ್ಪಂದಕ್ಕೂ ಮೊದಲು, 1999ರಲ್ಲಿ, ಮೂವತ್ತು ವರ್ಷಗಳಲ್ಲಿ 24 ಜಲಾಂತರ್ಗಾಮಿ ಕಟ್ಟುವ ಯೋಜನೆಗೆ ಸಂಪುಟ ಸಮಿತಿ ಒಪ್ಪಿಗೆ ಕೊಟ್ಟಿತ್ತು. ಎರಡು ಕಡೆ ಏಕಕಾಲದಲ್ಲಿ ಕೆಲಸ ನಡೆಯಬೇಕು ಎಂಬುದು ಅದರ ತಿರುಳು. ಎರಡನೆಯ ಸಾಲು ಇಂದಿಗೂ ಶುರುವಾಗಿಲ್ಲ. ಆ ಕಡತ ಬರೆದವರು ದೂರದೃಷ್ಟಿಯಿಂದಲೇ ಬರೆದಿದ್ದರು, ಪಾಲಿಸಬೇಕಾದವರು ಪಾಲಿಸಲಿಲ್ಲ.

ಕರ್ನಾಟಕದ ಊರೊಂದರ ಹೆಸರು ಹೊತ್ತ ಹಡಗಿದ್ದ ಒಂದು ವರ್ಗಕ್ಕೂ ಇದೇ ಗತಿ ಬಂತು. ನೀರಿನಡಿ ಹುದುಗಿಸಿಟ್ಟ ಮೈನ್‌ಗಳನ್ನು ಹುಡುಕಿ ತೆಗೆಯುವ ಸೋವಿಯತ್ ನಿರ್ಮಿತ ಹಡಗುಗಳಲ್ಲಿ ‘ಕಾರವಾರ’ವೂ ಒಂದು. ಅದು 2017ರಲ್ಲಿ ನಿವೃತ್ತವಾಯಿತು. 2019ರಲ್ಲಿ ಕೊನೆಯದೂ ಹೋಯಿತು. ಬದಲಿ ಹಡಗುಗಳನ್ನು ಗೋವಾ ಶಿಪ್‌ಯಾರ್ಡಿನಲ್ಲಿ ಕಟ್ಟಲು ಕೊರಿಯಾದ ಕಂಪನಿಯೊಂದಿಗೆ ನಡೆದ ಮಾತುಕತೆ ಅದಕ್ಕೂ ಮೊದಲೇ ಮುರಿದುಬಿದ್ದಿತ್ತು. ಇಷ್ಟು ಉದ್ದದ ಕರಾವಳಿ, ಇಷ್ಟು ಬಂದರುಗಳಿರುವ ದೇಶದಲ್ಲಿ ಅವುಗಳ ಬಾಯಿಯಿಂದ ಮೈನ್ ತೆಗೆಯಲೆಂದೇ ಮಾಡಿದ ಒಂದು ಹಡಗೂ ಇಲ್ಲದಂತಾಯಿತು. ಹೊಸದಾಗಿ ಕಟ್ಟಿಸಲು ಖರೀದಿ ಮಂಡಳಿ ಮತ್ತೆ ಒಪ್ಪಿದ್ದು 2025ರ ಜುಲೈನಲ್ಲಿ.

ಕೊಂಡುಕೊಂಡರೆ ಆಗದೇ?

ಇಷ್ಟೆಲ್ಲ ಕಷ್ಟಪಡುವ ಬದಲು ಸಿದ್ಧ ನೌಕೆಯನ್ನೇ ಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ತುರ್ತಿನಲ್ಲಿ ಕೊಂಡಿದ್ದೇವೆ, ಪ್ರಯೋಜನವೂ ಆಗಿದೆ. 1971ರಲ್ಲಿ ಕರಾಚಿಯ ಮೇಲೆ ಎರಗಿದ ಕ್ಷಿಪಣಿ ದೋಣಿಗಳು ಸೋವಿಯತ್ ನಿರ್ಮಿತವಾದವು. ಆದರೆ ಕೊಂಡ ಮಾತ್ರಕ್ಕೆ ಬೇಗ ಸಿಗುತ್ತದೆ, ಅಗ್ಗವಾಗುತ್ತದೆ ಎಂಬುದು ನಿಜವಲ್ಲ. ಕಾರವಾರದಲ್ಲಿ ನೆಲೆಯಿರುವ ವಿಮಾನವಾಹಕ ‘ವಿಕ್ರಮಾದಿತ್ಯ’ವನ್ನೇ ನೋಡಿ. 2004ರ ಒಪ್ಪಂದದಲ್ಲಿ ರಷ್ಯ ಹಳೆಯ ಹಡಗಿಗೆ ಬೆಲೆ ಕೇಳಲಿಲ್ಲ, ನವೀಕರಣಕ್ಕೆ 97.4 ಕೋಟಿ ಡಾಲರ್ ಎಂದಾಯಿತು. ಕೊನೆಗೆ ತೆತ್ತದ್ದು 235 ಕೋಟಿ ಡಾಲರ್. 2008ಕ್ಕೆ ಬರಬೇಕಾದ ಹಡಗು 2013ರಲ್ಲಿ ಬಂತು. ಕೆಲಸ ಅರ್ಧವಾದ ಮೇಲೆ ಬೆಲೆ ಏರಿಸಿದರೆ ಕೊಳ್ಳುವವನು ಎದ್ದು ಹೋಗುವಂತಿಲ್ಲ. ಇನ್ನು ಯುದ್ಧವಾದಾಗ ಏನಾಗುತ್ತದೆ ಎಂಬುದನ್ನು ಉಕ್ರೇನ್ ತೋರಿಸಿತು. ನಮ್ಮ ಹಲವು ವಿಧ್ವಂಸಕ ನೌಕೆಗಳ ಗ್ಯಾಸ್ ಟರ್ಬೈನ್‌ಗಳು ಅಲ್ಲಿನ ಮಿಕೊಲೈವ್ ನಗರದ ಕಾರ್ಖಾನೆಯವು. 2022ರಲ್ಲಿ ಆ ನಗರದ ಮೇಲೆಯೇ ಬಾಂಬು ಬಿದ್ದವು.

ಇದಕ್ಕೆ ಎದುರಾಗಿ ನಮ್ಮಲ್ಲೇ ಕಟ್ಟಿದ ವಿಮಾನವಾಹಕ ‘ವಿಕ್ರಾಂತ್’ ಇದೆ. ಅದಕ್ಕೆ ಬೇಕಾದ ಉಕ್ಕು ರಷ್ಯದಿಂದ ಸಿಗುವುದು ಕಷ್ಟವಾದಾಗ ಹೈದರಾಬಾದಿನ ಲೋಹ ಸಂಶೋಧನಾಲಯ ಮತ್ತು ಉಕ್ಕು ಪ್ರಾಧಿಕಾರ ಸೇರಿ ಹೊಸ ಉಕ್ಕನ್ನೇ ತಯಾರಿಸಿದವು. ಈಗ ನಮ್ಮಲ್ಲಿ ಕಟ್ಟುವ ಹೊಸ ಯುದ್ಧನೌಕೆಗಳಿಗೆ ಬಳಸುವುದು ಅದೇ ಕುಟುಂಬದ ಉಕ್ಕನ್ನು. ‘ವಿಕ್ರಾಂತ್’ ಮತ್ತು ಹೊಸ ‘ನೀಲಗಿರಿ’ಯ ಟರ್ಬೈನ್‌ಗಳನ್ನು ಅಮೆರಿಕದ ಪರವಾನಗಿಯಡಿ ಜೋಡಿಸಿದ್ದು ಬೆಂಗಳೂರಿನ ಎಚ್‌ಎಎಲ್; ಸೋನಾರ್, ರಾಡಾರ್‌ಗಳಲ್ಲಿ ಬೆಂಗಳೂರಿನ ಬಿಇಎಲ್‌ನ ಕೈ ದೊಡ್ಡದು. ಹಾಗೆಂದು ಎಲ್ಲವೂ ನಮ್ಮದೆಂದು ಬೀಗುವಂತಿಲ್ಲ. ತೇಲುವ, ಚಲಿಸುವ, ಕಾದಾಡುವ ಎಂದು ನೌಕಾಪಡೆ ಹಡಗನ್ನು ಮೂರು ಭಾಗವಾಗಿ ನೋಡುತ್ತದೆ. ತೇಲುವುದರಲ್ಲಿ ನಾವು ಬಹುಮಟ್ಟಿಗೆ ಸ್ವಾವಲಂಬಿ. ಚಲಿಸುವ ಮತ್ತು ಕಾದಾಡುವ ಭಾಗಗಳಲ್ಲಿ ಇನ್ನೂ ಸಾಕಷ್ಟು ಹೊರಗಿನದು. ಆ ಕೊರತೆ ನೀಗಬೇಕಾದರೂ ಎಂಜಿನ್, ಗೇರ್‌ಬಾಕ್ಸ್ ಮಾಡುವ ಕಾರ್ಖಾನೆಗೆ ಹತ್ತು ವರ್ಷಗಳ ಬೇಡಿಕೆ ಕಣ್ಣೆದುರು ಕಾಣಬೇಕು. ಎರಡು ಹಡಗಿನ ಬೇಡಿಕೆ ನಂಬಿ ಯಾರೂ ಬಂಡವಾಳ ಹೂಡುವುದಿಲ್ಲ.

ಪೈಪೋಟಿ, ಲಂಚ, ಡ್ರೋನ್

ಒಂದೇ ಸರ್ಕಾರಿ ಶಿಪ್‌ಯಾರ್ಡಿಗೆ ಸದಾ ಕೆಲಸ ಕೊಟ್ಟರೆ ಅದು ಸೋಮಾರಿಯಾಗದೇ? ಆಕ್ಷೇಪ ಸರಿಯಾದದ್ದೇ. ಉತ್ತರವೂ ಅನುಭವದಲ್ಲಿದೆ. ‘ನೀಲಗಿರಿ’ ಮಾದರಿಯ ಏಳರಲ್ಲಿ ನಾಲ್ಕು ಮುಂಬೈಗೆ, ಮೂರು ಕೋಲ್ಕತ್ತಕ್ಕೆ ಕೊಟ್ಟಿದ್ದರಿಂದ ಒಂದೇ ನಕ್ಷೆಯನ್ನು ಇಬ್ಬರು ಕಟ್ಟಿ ತೋರಿಸುವಂತಾಯಿತು. ಖಾಸಗಿಯವರಲ್ಲಿ ಎಲ್ ಅಂಡ್ ಟಿ ಕರಾವಳಿ ಕಾವಲು ಪಡೆಗೆ ಗಸ್ತು ಹಡಗುಗಳನ್ನು ಹೇಳಿದ ಸಮಯಕ್ಕೆ ಮೊದಲೇ ಕೊಟ್ಟಿದೆ. ಇನ್ನೊಂದೆಡೆ, ಗುಜರಾತಿನ ಖಾಸಗಿ ಶಿಪ್‌ಯಾರ್ಡೊಂದು ನೌಕಾಪಡೆಗೆ ಐದು ಗಸ್ತು ಹಡಗು ಕಟ್ಟಲು 2011ರಲ್ಲಿ ಒಪ್ಪಿ, ಒಂದನ್ನೂ ಕೊಡದೆ ದಿವಾಳಿಯಾಯಿತು. ಕೇವಲ ಕಡಿಮೆ ದರ ಕೂಗಿದವರಿಗೆ ಕೆಲಸ ಹೋದರೆ ಹೀಗೂ ಆಗುತ್ತದೆ. ಎರಡು ಸಾಲು, ಎರಡಕ್ಕೂ ಸತತ ಕೆಲಸ, ಚೆನ್ನಾಗಿ ಮಾಡಿದವರಿಗೆ ಮುಂದಿನ ಕಂತಿನಲ್ಲಿ ಹೆಚ್ಚು ಪಾಲು: 1999ರ ಯೋಜನೆಯ ಆಶಯವನ್ನು ಹೀಗೆ ಜಾರಿಗೆ ತರಬಹುದು.

ಲಂಚದ ವಿಷಯದಲ್ಲಿ ಮೃದುವಾಗಬೇಕೆಂದು ಯಾರೂ ಹೇಳಲಾರರು. ತಪ್ಪು ಮಾಡಿದವರನ್ನು ಹಿಡಿದು ಶಿಕ್ಷಿಸಬೇಕು. ಆದರೆ ಶಿಕ್ಷೆ ನಾವಿಕರ ಮೇಲೆ ಬೀಳಬಾರದು. ‘ಕಲ್ವರಿ’ಗೆಂದು ಆರಿಸಿದ್ದ ಇಟಲಿಯ ಟಾರ್ಪಿಡೊ ಖರೀದಿ, ಅದರ ಮಾತೃ ಸಂಸ್ಥೆ ಹೆಲಿಕಾಪ್ಟರ್ ಹಗರಣದಲ್ಲಿ ಸಿಲುಕಿದ್ದರಿಂದ ರದ್ದಾಯಿತು. ಬದಲಿಯನ್ನು ಆರಿಸದೆ ವರ್ಷಗಳು ಕಳೆದವು. ಹೊಸ ಜಲಾಂತರ್ಗಾಮಿಗಳು ಹಳೆಯ ಕಾಲದ ಟಾರ್ಪಿಡೊ ಹೊತ್ತು ಗಸ್ತಿಗೆ ಹೋದವು. ಫ್ರೆಂಚ್ ಟಾರ್ಪಿಡೊ ಅಳವಡಿಸುವ ಒಪ್ಪಂದವಾದದ್ದು 2024ರ ಡಿಸೆಂಬರ್‌ನಲ್ಲಿ, ‘ಕಲ್ವರಿ’ ಸೇವೆಗೆ ಸೇರಿ ಏಳು ವರ್ಷವಾದ ಮೇಲೆ. ಒಂದು ಬಾಗಿಲು ಮುಚ್ಚುವ ದಿನವೇ ಇನ್ನೊಂದನ್ನು ತೆರೆಯುವ ವ್ಯವಸ್ಥೆ ಖರೀದಿ ನಿಯಮದೊಳಗೇ ಇರಬೇಕು.

ಕೊನೆಯ ಆಕ್ಷೇಪ ಹೊಸ ಕಾಲದ್ದು. 2022ರ ಏಪ್ರಿಲ್‌ನಲ್ಲಿ ಉಕ್ರೇನಿನ ಎರಡು ಕ್ಷಿಪಣಿಗಳು ರಷ್ಯದ ‘ಮಾಸ್ಕ್ವಾ’ ಯುದ್ಧನೌಕೆಯನ್ನು ಮುಳುಗಿಸಿದವು, ಬಳಿಕ ಕಡಲ ಡ್ರೋನ್‌ಗಳು ರಷ್ಯದ ಕಪ್ಪು ಸಮುದ್ರದ ನೌಕಾಪಡೆಯನ್ನು ಹಿಮ್ಮೆಟ್ಟಿಸಿದವು. ಹಾಗಾದರೆ ದುಬಾರಿ ಹಡಗುಗಳೇಕೆ? ಕಪ್ಪು ಸಮುದ್ರ ಚಿಕ್ಕದು. ನಮ್ಮ ಕೆಲಸ ಹೋರ್ಮುಜ್‌ನಿಂದ ಮಲಕ್ಕಾವರೆಗೆ ಚಾಚಿದೆ. 2024ರ ಮಾರ್ಚ್‌ನಲ್ಲಿ ‘ಕೋಲ್ಕತ್ತ’ ನೌಕೆ ನಮ್ಮ ತೀರದಿಂದ ಸುಮಾರು 2,600 ಕಿ.ಮೀ. ದೂರದಲ್ಲಿ ‘ರುಯೆನ್’ ಎಂಬ ಸರಕು ಹಡಗನ್ನು ತಡೆದು 40 ಗಂಟೆಗಳ ಕಾರ್ಯಾಚರಣೆಯಲ್ಲಿ 35 ಕಡಲ್ಗಳ್ಳರನ್ನು ಶರಣಾಗಿಸಿ, 17 ಸಿಬ್ಬಂದಿಯನ್ನು ಬಿಡಿಸಿತು. ಅಷ್ಟು ದೂರ ಹೋಗಿ, ದಿನಗಟ್ಟಲೆ ನಿಂತು, ಜನರನ್ನು ಹತ್ತಿಸಿಕೊಂಡು ಬರಲು ಹಡಗೇ ಬೇಕು. ಡ್ರೋನ್‌ಗಳೂ ಬೇಕು, ಬಹಳ ಬೇಕು. ಅವು ಹಡಗಿನಿಂದಲೇ ಹಾರಬೇಕು, ಹಡಗಿನಿಂದಲೇ ಇಳಿಯಬೇಕು. ಮೇಲಿನ ಹಡಗು ಹೆಚ್ಚು ಅಪಾಯದಲ್ಲಿದೆ ಎಂದಾದರೆ ಜಲಾಂತರ್ಗಾಮಿಯ ಬೆಲೆ ಇನ್ನಷ್ಟು ಏರುತ್ತದೆ. ಪಾಕಿಸ್ತಾನ ಚೀನಾದಿಂದ ಎಂಟು ಹೊಸ ಜಲಾಂತರ್ಗಾಮಿ ತರಿಸಿಕೊಳ್ಳುತ್ತಿರುವುದು, ಅವುಗಳಲ್ಲಿ ನಾಲ್ಕನ್ನು ಕರಾಚಿಯಲ್ಲೇ ಕಟ್ಟಲು ಒಪ್ಪಂದ ಮಾಡಿಕೊಂಡಿರುವುದು ಸುಮ್ಮನೆ ಅಲ್ಲ.

ಈಗ ಎಲ್ಲಿ ನಿಂತಿದ್ದೇವೆ

ಹೊರಗಿನ ಗಾಳಿ ಎಳೆದುಕೊಳ್ಳದೆ ವಾರಗಟ್ಟಲೆ ನೀರಿನಡಿ ಇರಬಲ್ಲ ಆರು ಜಲಾಂತರ್ಗಾಮಿಗಳ ಮುಂದಿನ ಯೋಜನೆಗೆ ಮೊದಲ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ಟೆಂಡರ್ ಹೊರಟಿದ್ದು 2021ರಲ್ಲಿ. 2025ರಲ್ಲಿ ಎದುರಾಳಿ ಬಿಡ್ಡು ತಿರಸ್ಕೃತವಾಗಿ, ಮಜಗಾಂವ್ ಡಾಕ್ ಮತ್ತು ಜರ್ಮನಿಯ ಥೈಸೆನ್‌ಕ್ರುಪ್ ಜೋಡಿಯೊಂದಿಗೆ ದರದ ಮಾತು ಶುರುವಾಯಿತು. ಆ ಜರ್ಮನ್ ಕಂಪನಿಯ ಕೀಲ್ ಶಿಪ್‌ಯಾರ್ಡೇ ಹಿಂದಿನ ಎಚ್‌ಡಿಡಬ್ಲ್ಯು. 1987ರಲ್ಲಿ ಕೈಬಿಟ್ಟ ಗುರುವಿನ ಬಳಿಗೆ ಹೆಚ್ಚುಕಡಿಮೆ ನಲವತ್ತು ವರ್ಷದ ಬಳಿಕ ಮರಳಿದ್ದೇವೆ. ‘ಕಲ್ವರಿ’ ಮಾದರಿಯ ಇನ್ನೂ ಮೂರನ್ನು ಕಟ್ಟಲು 2023ರ ಜುಲೈನಲ್ಲಿ ಖರೀದಿ ಮಂಡಳಿ ಒಪ್ಪಿತು. ಅನುಭವ ಇನ್ನೂ ಬಿಸಿಯಾಗಿರುವುದು ಈ ಮಾದರಿಯಲ್ಲೇ ಆದ್ದರಿಂದ ಮೊದಲು ಬೇಕಾಗಿದ್ದ ಸಹಿ ಇದರದ್ದು.

ಸೇರ್ಪಡೆಯ ದಿನಾಂಕದಿಂದ ಲೆಕ್ಕ ಹಾಕಿದರೆ ಶೆಡ್ ಖಾಲಿಯಾಗಿದ್ದು 2025ರಲ್ಲಿ ಎಂದು ತೋರುತ್ತದೆ. ಒಡಲು ಬೆಸೆಯುವವರಿಗೆ ಅದು ಬಹಳ ಮೊದಲೇ ಖಾಲಿಯಾಗಿತ್ತು. ‘ವಾಗ್‌ಶೀರ್’ ನೀರಿಗಿಳಿದಿದ್ದು 2022ರ ಏಪ್ರಿಲ್‌ನಲ್ಲಿ. ಅದರ ಒಡಲಿನ ಕೊನೆಯ ದೊಡ್ಡ ಬೆಸುಗೆ ಬಿದ್ದಿದ್ದು ಅದಕ್ಕೂ ಹಿಂದೆ. ಸದ್ಯಕ್ಕೆ ಅವರ ಕೈಗೆ ಸಿಕ್ಕಿರುವ ಕೆಲಸ, ಡಿಆರ್‌ಡಿಒ ರೂಪಿಸಿದ ಇಂಧನ ಕೋಶವನ್ನು ಹೊತ್ತ ಹೊಸ ಭಾಗವೊಂದನ್ನು ಕಟ್ಟುವುದು. ಸುಮಾರು 1,990 ಕೋಟಿ ರೂಪಾಯಿಯ ಆ ಒಪ್ಪಂದಕ್ಕೆ 2024ರ ಡಿಸೆಂಬರ್‌ನಲ್ಲಿ ಸಹಿಯಾಗಿದೆ. ದೊಡ್ಡ ದುರಸ್ತಿಗೆ ಬಂದ ಜಲಾಂತರ್ಗಾಮಿಯ ಒಡಲನ್ನು ನಡುವೆ ಕತ್ತರಿಸಿ, ಹೊಸ ಭಾಗ ಸೇರಿಸಿ, ಮತ್ತೆ ದುಂಡಗೆ ಬೆಸೆಯಬೇಕು. ನುರಿತ ಕೈಗಳನ್ನು ಹಿಡಿದಿಡಲು ಒಂದೆರಡು ವರ್ಷ ಅದು ಸಾಕಾಗಬಹುದು. ಆರು ಜಲಾಂತರ್ಗಾಮಿಗಳ ಟೆಂಡರಿನ ಪ್ರಕಾರ ಮೊದಲನೆಯದು ಬರುವುದು ಸಹಿಯಾದ ಏಳು ವರ್ಷಕ್ಕೆ.